ವೆಸ್ಟ್‌ಮಿನ್‌ಸ್ಟರ್ ಅಬೆ: ಸಂತ ಎಡ್ವರ್ಡರ ಸಮಾಧಿಯವರೆಗೆ ಕರೆದೊಯ್ಯುವ ಪ್ರವಾಸ

ಹಿಂದೆ ಸನ್ಯಾಸಿಗಳ ಮಠದ ದೇವಾಲಯವಾಗಿದ್ದ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆಯನ್ನು ಸಾಮಾನ್ಯ ಟಿಕೆಟ್ ಪಡೆದು ನೋಡಬಹುದು. ಅದರ ಮೇಲೆ ಪ್ರತ್ಯೇಕ ಶುಲ್ಕ ಕೊಟ್ಟರೆ, ವರ್ಜರ್ ಎಂದು ಕರೆಯಲಾಗುವ ಅಲ್ಲಿನ ಸೇವಾಧಿಕಾರಿಯೊಬ್ಬರ ಜೊತೆ ಸುಮಾರು ಒಂದೂವರೆ ಗಂಟೆ ಸುತ್ತಬಹುದು. ಮಧ್ಯಯುಗದ ಧರ್ಮಸಭೆಯ ಇತಿಹಾಸವನ್ನು ಓದುವ ಕಥೋಲಿಕನಾಗಿ ನನ್ನ ಸಲಹೆ ಎರಡನೆಯದಕ್ಕೇ. ಮಧ್ಯಯುಗದ ಅರಸರ ಸಮಾಧಿಗಳೆಲ್ಲ ಯಾವ ಸಮಾಧಿಯ ಆಸರೆ ಬಯಸಿ ಸುತ್ತುಗಟ್ಟಿವೆಯೋ, ಆ ಸಂತ ಎಡ್ವರ್ಡರ ಪೀಠದ (ದೇಹವನ್ನಿಟ್ಟಿರುವ ಸಮಾಧಿ-ಕಟ್ಟೆಯ) ಬಳಿಗೆ ಸಾಮಾನ್ಯ ವೀಕ್ಷಕರನ್ನು ಬಿಡುವುದಿಲ್ಲ.

ಇಂಗ್ಲೆಂಡಿನ ದೊರೆಯಾಗಿದ್ದ ಈ ಎಡ್ವರ್ಡ್ ತೀರಿಕೊಂಡದ್ದು 1066ರ ಜನವರಿ 5ರಂದು, ತಾವು ಇಲ್ಲಿ ಕಟ್ಟಿಸಿದ ದೇವಾಲಯದ ಪ್ರತಿಷ್ಠಾಪನೆಯಾದ ಎಂಟನೆಯ ದಿನ. 1161ರಲ್ಲಿ ಪೋಪ್ ಮೂರನೆಯ ಅಲೆಕ್ಸಾಂಡರ್ ಅವರನ್ನು ಸಂತರೆಂದು ಘೋಷಿಸಿದರು. 1245ರಿಂದ ಮೂರನೆಯ ಹೆನ್ರಿ ಹಳೆಯ ಕಟ್ಟಡವನ್ನು ಕೆಡವಿಸಿ ಈಗಿನದನ್ನು ಕಟ್ಟಿಸತೊಡಗಿ, 1269ರ ಅಕ್ಟೋಬರ್ 13ರಂದು ಸಂತರ ದೇಹವನ್ನು ಹೊಸ ಪೀಠಕ್ಕೆ ತಂದಿರಿಸಿದ. ಆ ಪೀಠದ ತಳಭಾಗ ಇಂದಿಗೂ ಇದೆ. ಅದರ ಎರಡೂ ಬದಿಗಳಲ್ಲಿ ಮೂರು ಮೂರು ಕಮಾನಿನ ಗೂಡುಗಳಿದ್ದು, ಯಾತ್ರಿಕರು ಅವುಗಳಲ್ಲಿ ಮೊಣಕಾಲೂರಿ, ಸಂತರಿಗೆ ಆದಷ್ಟು ಹತ್ತಿರವಾಗಿ ಪ್ರಾರ್ಥಿಸುತ್ತಿದ್ದರು. ಇಟಲಿಯ ಕುಶಲಕರ್ಮಿಗಳು ಕಲ್ಲಿನಲ್ಲಿ ಕೂರಿಸಿದ ಬಣ್ಣದ ಚೂರುಗಳು ಬಹುಪಾಲು ಕಿತ್ತುಹೋಗಿವೆ. ಹತ್ತಿರ ನಿಂತು ನೋಡಿದರೆ ಪ್ರತಿ ಚೂರಿನ ಆಕಾರದ ಕುಳಿಯೂ ಕಾಣಿಸುತ್ತದೆ, ಮೂಲ ವಿನ್ಯಾಸವನ್ನು ಆ ಕುಳಿಗಳಿಂದಲೇ ಓದಿಕೊಳ್ಳಬಹುದು. ದೇವಾಲಯದೊಳಗೇ ಪೀಠವನ್ನು ಸುತ್ತುವ ಕೆಳಗಿನ ಓಣಿಯಿಂದ ತಲೆಯೆತ್ತಿ ನೋಡುವವರಿಗೆ ಇದು ಸಿಗುವುದಿಲ್ಲ.

ಸುತ್ತಲಿನ ಸಮಾಧಿಗಳನ್ನು ರಾಜವೈಭವದ ಸ್ಮಾರಕಗಳೆಂದಷ್ಟೇ ನೋಡಿದರೆ ಅರ್ಧ ನೋಡಿದಂತೆ. ಅವು ಮುಖ್ಯವಾಗಿ ಪ್ರಾರ್ಥನೆಯ ಬೇಡಿಕೆಗಳು. ಸಂತರ ದೇಹವನ್ನು ಎತ್ತಿದ್ದರಿಂದ ತೆರವಾದ ಹಳೆಯ ಗುಂಡಿಯಲ್ಲೇ 1272ರಲ್ಲಿ ಹೆನ್ರಿಯನ್ನು ಮೊದಲು ಹೂಳಲಾಯಿತು. ಈಗಿನ ಸಮಾಧಿಗೆ ಅವನ ದೇಹ ಬಂದದ್ದು 1290ರಲ್ಲಿ. ಅದೇ ವರ್ಷ ತೀರಿಕೊಂಡ ಅವನ ಸೊಸೆ, ರಾಣಿ ಎಲಿನರಳ ಸಮಾಧಿ ನನಗೆ ಇಲ್ಲಿ ಎಲ್ಲಕ್ಕಿಂತ ಪ್ರಿಯವಾದದ್ದು. ಅಕ್ಕಸಾಲಿಗ ವಿಲಿಯಂ ಟೊರೆಲ್ ಎರಕ ಹೊಯ್ದ, ಚಿನ್ನದ ಲೇಪದ ಕಂಚಿನ ಪ್ರತಿಮೆಯ ತಲೆದಿಂಬಿನ ತುಂಬ ಅವಳ ತವರಾದ ಸ್ಪೇನಿನ ರಾಜ್ಯಗಳ ಲಾಂಛನಗಳು: ಕ್ಯಾಸ್ಟೀಲಿನ ಕೋಟೆಗಳು, ಲಿಯೋನಿನ ಸಿಂಹಗಳು. ಇಷ್ಟೆಲ್ಲ ಕುಲಗೌರವ ತೋರಿಸಿದ ಮೇಲೂ ಅಂಚಿನ ಫ್ರೆಂಚ್ ಬರಹ ಕೇಳಿಕೊಳ್ಳುವುದು ದೇವರು ಅವಳ ಆತ್ಮಕ್ಕೆ ಕರುಣೆ ತೋರಲಿ ಎಂದು. ಐದನೆಯ ಹೆನ್ರಿಯ ಸಮಾಧಿಯ ಮೇಲಂತೂ ಅವನ ಆತ್ಮಕ್ಕಾಗಿ ಬಲಿಪೂಜೆ (ಕಥೋಲಿಕರ ಮಾಸ್ ಆರಾಧನೆ) ಅರ್ಪಿಸಲೆಂದೇ ಒಂದು ಪೂಜಾಗೃಹವಿದೆ. ಅವನ ಪ್ರತಿಮೆಯ ಬೆಳ್ಳಿಯ ತಲೆ 1546ರಲ್ಲಿ ಕಳುವಾಯಿತು. ಈಗಿರುವುದು 1971ರಲ್ಲಿ ಜೋಡಿಸಿದ್ದು.

ಪೋಪರ ಅಧಿಕಾರವನ್ನು ತಿರಸ್ಕರಿಸಿದ್ದ ಎಂಟನೆಯ ಹೆನ್ರಿ 1540ರಲ್ಲಿ ಇಲ್ಲಿನ ಬೆನೆಡಿಕ್ಟ್ ಸಭೆಯ ಸನ್ಯಾಸಿಗಳ ಮಠವನ್ನು ಮುಚ್ಚಿಸಿದ. ಪೀಠದ ಚಿನ್ನ ರಾಜನ ಪಾಲಾಯಿತು, ಸಂತರ ದೇಹವನ್ನು ಬೇರೆಡೆ ಹೂಳಲಾಯಿತು. ಕಥೋಲಿಕ ರಾಣಿ ಮೇರಿಯ ಕಾಲದಲ್ಲಿ ಸನ್ಯಾಸಿಗಳು ಮರಳಿದಾಗ, ಮಠಾಧಿಪತಿ ಜಾನ್ ಫೆಕನ್‌ಹ್ಯಾಂ ಅವರು, ಹಿಂದೆ ಬಿಚ್ಚಿಡಲಾಗಿದ್ದ ಪೀಠದ ಕಲ್ಲುಗಳನ್ನು ಮತ್ತೆ ಜೋಡಿಸಿ, 1557ರಲ್ಲಿ ದೇಹವನ್ನು ಪೀಠಕ್ಕೆ ಮರಳಿಸಿದರು. ಎರಡೇ ವರ್ಷದಲ್ಲಿ ಮಠ ಮತ್ತೆ ಮುಚ್ಚಿತಾದರೂ ದೇಹ ಅಲ್ಲೇ ಉಳಿಯಿತು. ಇಂಗ್ಲೆಂಡಿನಲ್ಲಿ ಎಷ್ಟೋ ಸಂತರ ಪೀಠಗಳು ಪುಡಿಯಾದ ಆ ಕಾಲದಲ್ಲಿ ಇದು ಉಳಿದದ್ದನ್ನು ನಾನು ಕೃತಜ್ಞತೆಯಿಂದಲೇ ನೆನೆಯುತ್ತೇನೆ. 2010ರ ಸೆಪ್ಟೆಂಬರ್ 17ರಂದು ಪೋಪ್ ಹದಿನಾರನೆಯ ಬೆನೆಡಿಕ್ಟ್ ಮತ್ತು ಆಂಗ್ಲಿಕನ್ ಧರ್ಮಸಭೆಯ ಹಿರಿಯರಾಗಿದ್ದ ಆಗಿನ ಕ್ಯಾಂಟರ್‌ಬರಿ ಆರ್ಚ್‌ಬಿಷಪ್ ರೋವನ್ ವಿಲಿಯಮ್ಸ್ ಜೊತೆಯಾಗಿ ಪ್ರಾರ್ಥಿಸಿದ್ದೂ ಇದೇ ಪೀಠದ ಮುಂದೆ.

ಸಾಹಿತಿಗಳ ಸಮಾಧಿ, ಸ್ಮಾರಕಗಳಿರುವ ಕವಿಗಳ ಮೂಲೆ, ಮಠದ ಪ್ರಾಂಗಣ ಎಲ್ಲವೂ ಇದೇ ಒಂದೂವರೆ ಗಂಟೆಯೊಳಗೆ ಬರುವುದರಿಂದ ಪೀಠದ ಬಳಿ ಹೆಚ್ಚು ಹೊತ್ತು ನಿಲ್ಲುವಂತಿಲ್ಲ. ಫೆಕನ್‌ಹ್ಯಾಂ ಜೋಡಿಸಿದ ಭಾಗ ಯಾವುದು, ಹದಿಮೂರನೆಯ ಶತಮಾನದ್ದು ಯಾವುದು ಎಂಬುದನ್ನು ಅಲ್ಲೇ ಕೇಳಿ ತಿಳಿದುಕೊಳ್ಳಿ. ಪೀಠದ ಬಳಿಗೆ ಮೆಟ್ಟಿಲು ಹತ್ತಬೇಕು. ಮೊಣಕಾಲು ನೋವಿರುವವರು ಟಿಕೆಟ್ ಕೊಳ್ಳುವ ಮುನ್ನವೇ ವಿಚಾರಿಸುವುದು ಒಳ್ಳೆಯದು. ಭಾನುವಾರ ಪ್ರವಾಸಿಗರಿಗೆ ಪ್ರವೇಶವಿಲ್ಲ, ಆರಾಧನೆಗೆ ಬರುವವರಿಗೆ ಯಾವ ದಿನವೂ ಶುಲ್ಕವಿಲ್ಲ. ಅಕ್ಟೋಬರ್‌ನಲ್ಲಿ ಲಂಡನ್ನಿಗೆ ಹೋಗುವವರು 13ರ ಆಸುಪಾಸಿನ ಸಂತ ಎಡ್ವರ್ಡರ ಯಾತ್ರೆಯ ದಿನಗಳನ್ನು ಮೊದಲೇ ನೋಡಿಕೊಂಡು ಹೊರಡಲಿ.