ಮೊದಲ ಸ್ಕೂಬಾ ಸೆಟ್: ಜಾಕೆಟ್ಟೋ, ಬ್ಯಾಕ್‌ಪ್ಲೇಟೋ?

ಸ್ಕೂಬಾ ಕಲಿತು ಸರ್ಟಿಫಿಕೇಟ್ ಕೈಗೆ ಬಂದ ಮೇಲೆ, ಬಾಡಿಗೆ ಸಾಮಾನು ಹಾಕಿಕೊಂಡೇ ಎಷ್ಟು ದಿನ ಅಂತ ನೀರಿಗಿಳಿಯುವುದು ಅನ್ನಿಸಲು ಶುರುವಾಗುತ್ತದೆ. ನನಗೂ ಹಾಗೇ ಆಯಿತು. ಬಾಡಿಗೆಯದ್ದು, ಜೊತೆಗಾರರದ್ದು ಎಂದು ಸಿಕ್ಕಿದ್ದನ್ನೆಲ್ಲ ಹಾಕಿ ನೋಡಿದ ಮೇಲೆ ಸ್ಟೀಲ್ ಬ್ಯಾಕ್‌ಪ್ಲೇಟ್ (ಸಿಲಿಂಡರ್ ಕಟ್ಟಿ ಬೆನ್ನಿಗೆ ಹಾಕುವ ಹಲಗೆ), ಅದಕ್ಕೊಂದು ಸಣ್ಣ ವಿಂಗ್ (ಗಾಳಿಚೀಲ), ಡಿನ್ ಬಗೆಯ ರೆಗ್ಯುಲೇಟರ್ (ಸಿಲಿಂಡರಿನ ಗಾಳಿಯನ್ನು ಉಸಿರಿಗೆ ಒದಗಿಸುವ ಸಾಧನ) ಮತ್ತು ಕಾಲಿಗೆ ಹಾಕುವ ಭಾರದ ರಬ್ಬರ್ ಫಿನ್‌ಗಳಿಗೆ ಬಂದು ನಿಂತೆ. ತೆಗೆದುಕೊಂಡದ್ದರ ಬಗ್ಗೆ ನನಗೆ ಪೂರ್ತಿ ಸಮಾಧಾನವಿದೆ. ಹಾಗಾಗಿ ಈ ಹೋಲಿಕೆಯಲ್ಲಿ ತಕ್ಕಡಿ ಯಾವ ಕಡೆಗೆ ವಾಲುತ್ತದೆ ಎನ್ನುವುದನ್ನು ಮೊದಲೇ ಹೇಳಿಬಿಟ್ಟಿದ್ದೇನೆ.

ನನ್ನ ಅಭ್ಯಾಸ ಎಂಥದ್ದು ಎಂದೂ ಹೇಳಬೇಕು, ಏಕೆಂದರೆ ಆಯ್ಕೆಯೆಲ್ಲ ಅದರ ಮೇಲೇ ನಿಂತಿದೆ. ದೊಡ್ಡ ಮೀನು ಹುಡುಕಿಕೊಂಡು ದೂರ ಈಜುವ ಹಂಬಲ ನನಗಿಲ್ಲ. ಮರಳಿನ ಮೇಲೆ ಒಂದೇ ಜಾಗದಲ್ಲಿ ತೇಲುತ್ತಾ ಸಣ್ಣ ಜೀವಿಗಳನ್ನು ನೋಡುವುದು ನನಗಿಷ್ಟ. ಗೋಬಿ ಮೀನು ಮತ್ತು ಪಿಸ್ತೂಲು ಸೀಗಡಿ ಒಂದೇ ಬಿಲದಲ್ಲಿ ಇರುವುದನ್ನು ನೋಡಿದವರಿಗೆ ನಾನು ಹೇಳುವುದು ಅರ್ಥವಾಗುತ್ತದೆ. ಸೀಗಡಿಗೆ ಕಣ್ಣು ಮಂದ. ಅದು ಬಿಲದಿಂದ ಮರಳು ತಳ್ಳಿಕೊಂಡು ಹೊರಬರುವಾಗ ಒಂದು ಮೀಸೆಯನ್ನು ಗೋಬಿಯ ಮೈಗೆ ತಾಗಿಸಿಕೊಂಡೇ ಇರುತ್ತದೆ. ಕಾವಲಿಗೆ ನಿಂತ ಗೋಬಿ ಬಾಲ ಅಲುಗಿಸಿದರೆ ಸಾಕು, ಸೀಗಡಿ ಸರ್ರನೆ ಒಳಗೆ. ನಿಮ್ಮ ಫಿನ್‌ನಿಂದ ಒಂದು ಚಿಟಿಕೆ ಮರಳು ಎದ್ದರೂ ಗೋಬಿಗೆ ಅದು ಅಪಾಯದ ಸೂಚನೆ, ನಿಮಗೆ ಆವತ್ತಿನ ಆಟ ಅಲ್ಲಿಗೆ ಮುಗಿಯಿತು. ಅಲ್ಲಿ ಬೇಕಾದದ್ದು ಅಲುಗಾಡದೆ ಅಡ್ಡಲಾಗಿ ತೇಲುವ ದೇಹ. ನನ್ನ ಸೆಟ್ ಆರಿಸಿದ್ದು ಈ ಒಂದು ಕಾರಣಕ್ಕೆ.

ಈಗ ಬಿಸಿಡಿಗೆ, ಅಂದರೆ ಗಾಳಿ ತುಂಬಿ, ಬಿಟ್ಟು ತೇಲುವುದನ್ನು ಹತೋಟಿಯಲ್ಲಿಡುವ ಸಾಧನಕ್ಕೆ ಬರೋಣ. ಜಾಕೆಟ್, ಬ್ಯಾಕ್‌ಪ್ಲೇಟ್-ವಿಂಗ್ ಎರಡೂ ಅದರ ಬಗೆಗಳೇ. ಬಹುತೇಕ ಡೈವಿಂಗ್ ಶಾಲೆಗಳಲ್ಲಿ ಕೊಡುವುದು ಜಾಕೆಟ್ ಮಾದರಿಯನ್ನೇ. ಗಾಳಿಚೀಲ ಬೆನ್ನು, ಪಕ್ಕೆ, ಹೊಟ್ಟೆಯ ಸುತ್ತ ಬಳಸಿಕೊಂಡಿರುವುದರಿಂದ ನೀರಿನ ಮೇಲೆ ಅದು ನಿಮ್ಮನ್ನು ನೆಟ್ಟಗೆ ನಿಲ್ಲಿಸಿ, ತಲೆಯನ್ನು ಎತ್ತಿ ಹಿಡಿಯುತ್ತದೆ. ಹೊಸಬರಿಗೆ ಅದರಿಂದ ಸಿಗುವ ಧೈರ್ಯ ದೊಡ್ಡದು, ಅದನ್ನು ನಾನು ಕಡೆಗಣಿಸುವುದಿಲ್ಲ. ಆದರೆ ಕೆಳಗಿಳಿದ ಮೇಲೆ ಕಥೆ ಬೇರೆ. ಸಮುದ್ರದಲ್ಲಿ ಪ್ರತಿ 10 ಮೀಟರಿಗೆ ಒಂದು ಬಾರ್ ಒತ್ತಡ ಏರುತ್ತದೆ. ಮೈ ಬೆಚ್ಚಗಿಡುವ ವೆಟ್‌ಸೂಟಿನ ನಿಯೋಪ್ರೀನ್ ರಬ್ಬರ್ ಹಿಂಡಿಕೊಂಡು ತೆಳ್ಳಗಾಗುತ್ತದೆ. ಮೇಲೆ ಬಿಗಿಯಾಗಿ ಕಟ್ಟಿದ್ದ ಹೊಟ್ಟೆಪಟ್ಟಿ 18 ಮೀಟರಿನಲ್ಲಿ ಸಡಿಲವಾಗಿ, ಸಿಲಿಂಡರ್ ಬೆನ್ನ ಮೇಲೆ ಅತ್ತಿತ್ತ ಹೊರಳತೊಡಗುತ್ತದೆ. ಬಿಗಿ ಮಾಡಿಕೊಂಡರೆ ಮೇಲೆ ಬಂದು ಗಾಳಿ ತುಂಬಿದಾಗ ಪಕ್ಕೆಲುಬು ಹಿಸುಕಿದಂತಾಗುತ್ತದೆ.

ಅದಕ್ಕಿಂತ ದೊಡ್ಡ ತೊಂದರೆ ತೂಕ ಕೂರುವ ಜಾಗದ್ದು. ಮುಳುಗಲೆಂದು ಹೊರುವ ಸೀಸವೆಲ್ಲ ಸೊಂಟದ ಜೇಬಿನಲ್ಲಿ, ತೇಲುವ ಶ್ವಾಸಕೋಶ ಎದೆಯಲ್ಲಿ. ಸೊಂಟ ಕೆಳಕ್ಕೆ, ಎದೆ ಮೇಲಕ್ಕೆ ಎಳೆದಾಗ ದೇಹ ಓರೆಯಾಗಿ ನಿಲ್ಲುತ್ತದೆ. ಓರೆಯಾಗಿ ನಿಂತು ಕಾಲು ಬಡಿದರೆ ಮುಂದಕ್ಕೆ ಮಾತ್ರವಲ್ಲ, ಮೇಲಕ್ಕೂ ಹೋಗುತ್ತೀರಿ. ಮೇಲೆ ಹೋಗುತ್ತಿದ್ದೇನೆಂದು ಗಾಳಿ ಬಿಡುತ್ತೀರಿ. ಕಾಲು ನಿಲ್ಲಿಸಿದ ಕೂಡಲೇ ಮುಳುಗುತ್ತೀರಿ, ಮತ್ತೆ ಗಾಳಿ ತುಂಬುತ್ತೀರಿ. ತಮ್ಮ ಬಾಯನ್ಸಿ (ತೇಲುವಿಕೆಯ ಹತೋಟಿ) ಸರಿಯಿಲ್ಲ ಎಂದು ಕೊರಗುವ ಎಷ್ಟೋ ಜನರ ನಿಜವಾದ ಸಮಸ್ಯೆ ಸೀಸ ತಪ್ಪು ಜಾಗದಲ್ಲಿ ಇರುವುದೇ ಎಂದು ನನ್ನ ಬಲವಾದ ನಂಬಿಕೆ. ಜಾಕೆಟ್ಟಿನಲ್ಲೂ ಸಿಲಿಂಡರ್ ಪಟ್ಟಿಗೆ ಸಣ್ಣ ತೂಕದ ಜೇಬು ಕಟ್ಟಿ ಇದನ್ನು ಬಹುಮಟ್ಟಿಗೆ ಸರಿಪಡಿಸಬಹುದು. ಬಾಡಿಗೆ ಜಾಕೆಟ್ ಬಳಸುವವರು ಅಷ್ಟಾದರೂ ಮಾಡಿ ನೋಡಿ.

ಬ್ಯಾಕ್‌ಪ್ಲೇಟಿನಲ್ಲಿ ಈ ತೊಂದರೆ ಬುಡದಲ್ಲೇ ಇಲ್ಲ. ಎರಡೂವರೆಯಿಂದ ಮೂರು ಕಿಲೋ ತೂಗುವ ಸ್ಟೀಲ್ ಹಲಗೆ ನೇರವಾಗಿ ಶ್ವಾಸಕೋಶದ ಹಿಂದೆ ಕೂರುತ್ತದೆ, ಅದಕ್ಕೆ ತಕ್ಕಂತೆ ಬೆಲ್ಟಿನ ಸೀಸವೂ ಇಳಿಯುತ್ತದೆ. ಬಾಡಿಗೆಗೆ ಹೆಚ್ಚಾಗಿ ಸಿಗುವ 11.1 ಲೀಟರಿನ ಅಲ್ಯೂಮಿನಿಯಂ ಸಿಲಿಂಡರಿನಲ್ಲಿ ತುಂಬಿದಾಗ ಎರಡೂವರೆ ಕಿಲೋ ಮೀರಿ ಗಾಳಿ ಇರುತ್ತದೆ. ಆ ಗಾಳಿ ಖರ್ಚಾಗುತ್ತಾ ಬಂದಂತೆ ಸಿಲಿಂಡರೇ ತೇಲತೊಡಗುತ್ತದೆ, ಅದರ ತಳ ಮೇಲಕ್ಕೆ ಏಳುತ್ತದೆ. ಮೇಲೆ ಬರುವ ಮೊದಲು 5 ಮೀಟರಿನಲ್ಲಿ ಕೊಂಚ ಹೊತ್ತು ನಿಲ್ಲುವ ಸೇಫ್ಟಿ ಸ್ಟಾಪ್ ಮಾಡುವಾಗ, ಅಂದರೆ ಅದು ಅತಿ ಹೆಚ್ಚು ತೇಲುವ ಹೊತ್ತಿನಲ್ಲಿ, ಬೆನ್ನ ಮೇಲಿನ ಸ್ಟೀಲ್ ಅದನ್ನು ಹಿಡಿದಿಡುತ್ತದೆ. ವಿಂಗ್ ಅಂದರೆ ಬೆನ್ನ ಹಿಂದೆ ಮಾತ್ರ ಇರುವ ಗಾಳಿಚೀಲ. ಎದೆ, ಹೊಟ್ಟೆ ಎರಡೂ ಖಾಲಿ. ಒಂದು ಸಿಲಿಂಡರಿಗೆ 13–14 ಕಿಲೋ ಎತ್ತುವ ವಿಂಗ್ ನನಗೆ ಧಾರಾಳ. ದಪ್ಪ ಸೂಟು ಹಾಕುವವರಿಗೆ 18ರ ತನಕ ಬೇಕಾದೀತು. ಅದಕ್ಕಿಂತ ದೊಡ್ಡದು ಕೊಂಡರೆ ಅಂಚುಗಳು ಸಿಲಿಂಡರಿನ ಸುತ್ತ ಮಡಚಿಕೊಂಡು ಗಾಳಿ ಬಿಡುವಾಗ ಸತಾಯಿಸುತ್ತವೆ.

ನೀರಿನ ಮೇಲೆ ವಿಂಗ್ ಮುಖ ಅಡಿಯಾಗಿಸುತ್ತದೆ ಎಂಬ ದೂರಿದೆ. ಪೂರ್ತಿ ಉಬ್ಬಿಸಿದರೆ ನಿಜ. ಬೇಕಾದಷ್ಟೇ ತುಂಬಿ ಸ್ವಲ್ಪ ಹಿಂದಕ್ಕೆ ಒರಗಿದರೆ ಆರಾಮಾಗಿ ತೇಲಬಹುದು.

ಇಷ್ಟೆಲ್ಲ ಹೊಗಳಿದ ಬ್ಯಾಕ್‌ಪ್ಲೇಟಿಗೂ ಒಂದು ಕಾಟವಿದೆ. ಅದು ಅದರ ಪಟ್ಟಿ, ಹಾರ್ನೆಸ್. ಇದನ್ನು ವಿವರವಾಗಿ ಹೇಳಲೇಬೇಕು, ಯಾಕೆಂದರೆ ಇಲ್ಲಿಯೇ ಬೇಸತ್ತು ಒಳ್ಳೆಯ ಸಾಮಾನನ್ನು ಮಾರಿಬಿಡುವವರಿದ್ದಾರೆ.

ಜಾಕೆಟ್ಟಿಗೆ ಎಸ್, ಎಂ, ಎಲ್ ಎಂಬ ಅಳತೆಗಳಿವೆ. ಹಾಕಿ, ಬಕಲ್ ಎಳೆದು ಬಿಗಿ ಮಾಡಿದರೆ ಮುಗಿಯಿತು. ಬ್ಯಾಕ್‌ಪ್ಲೇಟಿಗೆ ಬರುವುದು 50 ಮಿಲಿಮೀಟರ್ ಅಗಲದ ಒಂದೇ ಉದ್ದನೆಯ ನೈಲಾನ್ ಪಟ್ಟಿ. ಅದನ್ನು ಹಲಗೆಯ ಮೇಲಿನ ಸೀಳುಗಳಲ್ಲಿ ತೂರಿಸಿ ಭುಜದ ಮೇಲಿಂದ ತಂದು, ಕೆಳಗಿನ ಸೀಳುಗಳಿಂದ ಹೊರಟು ಸೊಂಟಕ್ಕೆ ಬಂದು, ಕೊನೆಗೆ ಒಂದೇ ಒಂದು ಬಕಲ್. ದಾರಿಯಲ್ಲಿ ಸಾಮಾನು ಸಿಕ್ಕಿಸುವ ಡಿ-ರಿಂಗುಗಳನ್ನೂ ಅವನ್ನು ಹಿಡಿಯುವ ಲೋಹದ ಸ್ಲೈಡುಗಳನ್ನೂ ಪೋಣಿಸಬೇಕು. ಹೊಸ ಪಟ್ಟಿ ಸೆಟೆದುಕೊಂಡಿರುತ್ತದೆ, ಸ್ಲೈಡಿನ ಹಲ್ಲಿನಲ್ಲಿ ಅದನ್ನು ಒಂದು ಬೆರಳಗಲ ಸರಿಸುವಷ್ಟರಲ್ಲಿ ಉಗುರು ಕಿತ್ತು ಬರುತ್ತದೆ. ಒಂದು ರಿಂಗ್ ಹಿಂದುಮುಂದಾಗಿ ಪೋಣಿಸಿಬಿಟ್ಟರೆ ಅರ್ಧ ಪಟ್ಟಿ ಬಿಚ್ಚಬೇಕು. ಇಡೀ ಸಂಜೆ ಇದಕ್ಕೇ ಮೀಸಲು ಎಂದುಕೊಂಡೇ ಕುಳಿತುಕೊಳ್ಳಿ.

ಅಳತೆ ನೋಡುವಾಗ ವೆಟ್‌ಸೂಟ್ ಹಾಕಿಕೊಂಡೇ ನೋಡಬೇಕು, ಬರೀ ಟೀಶರ್ಟ್ ಮೇಲೆ ಸರಿಹೊಂದಿಸಿದ್ದು ನೀರಿನಲ್ಲಿ ಸರಿಬರುವುದಿಲ್ಲ. ಭುಜದ ಪಟ್ಟಿಯ ಕೆಳಗೆ ಬೆರಳುಗಳು ಸಲೀಸಾಗಿ ನುಸುಳಬೇಕು. ಹಲಗೆ ಎಷ್ಟು ಮೇಲೆ ಕೂರಬೇಕೆಂದರೆ, ಸಿಲಿಂಡರ್ ಕಟ್ಟಿಕೊಂಡು ಕೈ ಹಿಂದೆ ಹಾಕಿದಾಗ ವಾಲ್ವಿನ ಗುಬ್ಬಿ ಬೆರಳತುದಿಗೆ ಸಿಗುವಷ್ಟು. ಪಟ್ಟಿಯನ್ನು ಶಾಲೆ ಮಕ್ಕಳ ಚೀಲದಂತೆ ಇಳಿಬಿಟ್ಟುಕೊಂಡರೆ ವಾಲ್ವ್ ಕೈಗೆ ಸಿಗುವುದೇ ಇಲ್ಲ. ಕಾಲುಗಳ ನಡುವೆ ಬರುವ ಪಟ್ಟಿಯನ್ನು ಬೇಡವೆಂದು ತೆಗೆದುಹಾಕುವವರಿದ್ದಾರೆ, ದಯವಿಟ್ಟು ಹಾಗೆ ಮಾಡಬೇಡಿ. ಹಲಗೆ ಕತ್ತಿನ ಕಡೆ ಜಾರದಂತೆ ಹಿಡಿಯುವುದು ಅದೇ. ಆದರೆ ಸೀಸದ ಬೆಲ್ಟ್ ಕಟ್ಟುವವರು ಅದು ಈ ಪಟ್ಟಿಯ ಒಳಗೆ ಸಿಕ್ಕಿಕೊಳ್ಳದಂತೆ ಹೊರಗಿನಿಂದಲೇ ಕಟ್ಟಬೇಕು. ಒಳಗಿದ್ದರೆ ತುರ್ತಿನಲ್ಲಿ ಬಕಲ್ ಬಿಚ್ಚಿದರೂ ಬೆಲ್ಟ್ ಕೆಳಗೆ ಬೀಳದೆ ಅಲ್ಲೇ ನೇತಾಡುತ್ತದೆ. ಇದು ಜೀವದ ಪ್ರಶ್ನೆ. ಉಳಿದ ಪಟ್ಟಿಯ ತುದಿಯನ್ನು ಕೂಡಲೇ ಕತ್ತರಿಸಬೇಡಿ. ಕೆಲವು ಡೈವ್ ಆಗಿ ಅಳತೆ ನಿಂತ ಮೇಲೆ ಕತ್ತರಿಸಿ, ನೂಲು ಬಿಚ್ಚದಂತೆ ಲೈಟರಿನಿಂದ ಅಂಚು ಕರಗಿಸಿ.

ಇನ್ನು ಬಿಚ್ಚುವ ಪಾಡು. ಸಣ್ಣ ದೋಣಿಯ ಪಕ್ಕ, ಅಲೆಗಳ ನಡುವೆ, ಸೆಟ್ ಕಳಚಿ ಮೇಲೆ ಕೊಡಬೇಕಾದಾಗ ಜಾಕೆಟ್‌ನವರು ಭುಜದ ಬಕಲ್ ಚಿಟಕ್ಕನೆ ಬಿಡಿಸಿ ಹೊರಗೆ ಬರುತ್ತಾರೆ. ಒಂದೇ ಪಟ್ಟಿಯ ಹಾರ್ನೆಸ್ಸಿನಲ್ಲಿ ಆ ಬಕಲ್ ಇಲ್ಲ. ವಿಂಗಿಗೆ ಗಾಳಿ ತುಂಬಿ, ಸೊಂಟದ ಬಕಲ್ ಬಿಚ್ಚಿ, ಹೆಬ್ಬೆರಳಿನಿಂದ ಒಂದು ಭುಜದ ಪಟ್ಟಿಯನ್ನು ಹೊರಕ್ಕೆ ತಳ್ಳಿ, ಮೊಣಕೈ ಮಡಚಿ ಒಳಗಿನಿಂದ ಎಳೆದುಕೊಳ್ಳಬೇಕು. ಒಂದು ತೋಳು ಬಂದರೆ ಇನ್ನೊಂದು ತಾನಾಗಿ ಬರುತ್ತದೆ. ಕೊಳದಲ್ಲಿ ಅಭ್ಯಾಸ ಮಾಡಿಕೊಂಡ ಮೇಲೆ ನನಗಿದು ಸಲೀಸಾಯಿತು. ಭುಜ ನೋವಿರುವವರಿಗೆ ಇದು ನಿಜಕ್ಕೂ ಕಷ್ಟ. ಅವರು ಭುಜದಲ್ಲಿ ಬಕಲ್ ಇರುವ ಹಾರ್ನೆಸ್ ತೆಗೆದುಕೊಳ್ಳುವುದೇ ಸರಿ. ಬಕಲ್ ಮುರಿಯಬಹುದು ಎಂಬ ವಾದಕ್ಕಿಂತ ಭುಜ ದೊಡ್ಡದು. ಹೊಸ ಜೊತೆಗಾರರಿದ್ದರೆ ನೀರಿಗಿಳಿಯುವ ಮೊದಲೇ ಬಕಲ್ ಎಲ್ಲಿದೆ, ಹೇಗೆ ಬಿಚ್ಚುತ್ತದೆ ಎಂದು ತೋರಿಸಿಬಿಡುತ್ತೇನೆ. ತುರ್ತಿನಲ್ಲಿ ಪಟ್ಟಿ ಕತ್ತರಿಸಲು ಕತ್ತರಿಯೂ ನನ್ನ ಸೊಂಟದಲ್ಲಿರುತ್ತದೆ.

ರೆಗ್ಯುಲೇಟರ್ ವಿಷಯಕ್ಕೆ ಬಂದರೆ, ಒಳಗಿನ ಯಂತ್ರ ಪಿಸ್ಟನ್ ಆದರೆ ಒಳ್ಳೆಯದೋ ಡಯಾಫ್ರಮ್ ಆದರೆ ಒಳ್ಳೆಯದೋ ಎಂಬ ಚರ್ಚೆಗಿಂತ ಡಿನ್ ತೆಗೆದುಕೊಳ್ಳಬೇಕೋ ಯೋಕ್ ತೆಗೆದುಕೊಳ್ಳಬೇಕೋ ಎಂಬುದು ಮುಖ್ಯ. ರೆಗ್ಯುಲೇಟರನ್ನು ಸಿಲಿಂಡರಿನ ವಾಲ್ವಿಗೆ ಕೂರಿಸುವ ಎರಡು ಬಗೆ ಇವು: ಡಿನ್ ವಾಲ್ವಿನೊಳಗೆ ತಿರುಗಿ ಕೂರುತ್ತದೆ, ಯೋಕ್ ಹೊರಗಿನಿಂದ ಬಿಗಿದು ಹಿಡಿಯುತ್ತದೆ. ಯೋಕ್‌ನಲ್ಲಿ ಗಾಳಿ ಸೋರದಂತೆ ತಡೆಯುವ ಓ-ರಿಂಗ್ ಇರುವುದು ಸಿಲಿಂಡರಿನ ವಾಲ್ವಿನಲ್ಲಿ, ಅಂದರೆ ಬಾಡಿಗೆಗೆ ಕೊಡುವವರ ಕೈಯಲ್ಲಿ. ಸವೆದ ಓ-ರಿಂಗಿನ ಸಿಲಿಂಡರ್ ಬಂದು, ವಾಲ್ವ್ ತಿರುಗಿಸಿದ ಕೂಡಲೇ ಸುಯ್ ಎಂದು ಗಾಳಿ ಸೋರಿ, ಎಲ್ಲರೂ ನೀರಿಗೆ ಹಾರಿದ ಮೇಲೆ ದೋಣಿಯಲ್ಲಿ ಒಬ್ಬರೇ ರಿಂಗ್ ಹುಡುಕುತ್ತಾ ಕೂರುವುದು ನನಗೆ ಸಾಕಾಗಿತ್ತು. ಡಿನ್‌ನಲ್ಲಿ ಆ ರಿಂಗ್ ನಿಮ್ಮ ರೆಗ್ಯುಲೇಟರಿನಲ್ಲೇ ಇರುತ್ತದೆ. ವಾಲ್ವಿನೊಳಗೆ ತಿರುಗಿಸಿ ಕೂರಿಸುವುದರಿಂದ ಏನಾದರೂ ತಗುಲಿದರೂ ಕದಲುವುದಿಲ್ಲ. ಯೋಕ್ ವಾಲ್ವ್ ಮಾತ್ರ ಸಿಗುವ ಕಡೆಗೆ ಒಂದು ಅಡಾಪ್ಟರ್ ಜೊತೆಗಿಟ್ಟುಕೊಂಡರೆ ಆಯಿತು. ಅದೇ ಯೋಕ್ ಕೊಂಡಿದ್ದರೆ 300 ಬಾರ್ ಡಿನ್ ವಾಲ್ವಿಗೆ ಅದನ್ನು ಕೂರಿಸಲು ದಾರಿಯೇ ಇಲ್ಲ.

ಪಿಸ್ಟನ್ನಿನಲ್ಲಿ ಬಿಡಿಭಾಗ ಕಡಿಮೆ. ಡಯಾಫ್ರಮ್‌ನಲ್ಲಿ ಒಳಗಿನ ಯಂತ್ರಕ್ಕೆ ನೀರು, ಕೆಸರು ತಾಗುವುದಿಲ್ಲ, ಹಾಗಾಗಿ ತಣ್ಣನೆಯ ನೀರಿಗೆ ಅದೇ ಮೇಲು. ಯುರೋಪಿನ ಗುಣಮಟ್ಟದ ಇಎನ್ 250 ಗುರುತಿನ ಪಕ್ಕ ‘>10°’ ಎಂದಿದ್ದರೆ ಅದಕ್ಕಿಂತ ತಣ್ಣನೆಯ ನೀರಿಗೆ ಆ ರೆಗ್ಯುಲೇಟರ್ ಅಲ್ಲ ಎಂದರ್ಥ. ಸಿಲಿಂಡರಿಗೆ ಕೂರುವ ಭಾಗ, ಅಂದರೆ ಫಸ್ಟ್ ಸ್ಟೇಜ್, ಬ್ಯಾಲೆನ್ಸ್ಡ್ ಬಗೆಯದೇ ಇರಲಿ, ಇಲ್ಲದಿದ್ದರೆ ಸಿಲಿಂಡರ್ ಖಾಲಿಯಾಗುತ್ತಾ ಬಂದಂತೆ ಉಸಿರೆಳೆಯುವುದು ಭಾರವಾಗುತ್ತದೆ. ಮತ್ತು ನಿಮಗೆ ಹತ್ತಿರದಲ್ಲಿ ಸರ್ವಿಸ್ ಮಾಡಬಲ್ಲವರಿರುವ ಬ್ರ್ಯಾಂಡನ್ನೇ ಕೊಳ್ಳಿ. ಬಿಡಿಭಾಗ ಸಿಗದ ರೆಗ್ಯುಲೇಟರ್ ಎಷ್ಟೇ ಒಳ್ಳೆಯದಿದ್ದರೂ ಪೆಟ್ಟಿಗೆಯಲ್ಲೇ ಕೂರುತ್ತದೆ.

ಫಿನ್‌ನಲ್ಲಿ ನನ್ನ ಓಟು ಬೂಟಿನ ಮೇಲೆ ಹಾಕುವ, ಹಿಮ್ಮಡಿಗೆ ಸ್ಪ್ರಿಂಗ್ ಪಟ್ಟಿಯಿರುವ ಗಿಡ್ಡನೆಯ ಗಟ್ಟಿ ರಬ್ಬರಿಗೆ. ಕಪ್ಪೆಯಂತೆ ಕಾಲು ಬಿಚ್ಚಿ ಮುಚ್ಚುವ ಫ್ರಾಗ್ ಕಿಕ್ಕಿಗೆ, ಹಿಂದಕ್ಕೆ ಸರಿಯಲಿಕ್ಕೆ ಇದರಷ್ಟು ಚೆನ್ನಾಗಿ ಬೇರೆ ಯಾವುದೂ ಮಾತು ಕೇಳಲಿಲ್ಲ. ಮರಳೂ ಏಳುವುದಿಲ್ಲ. ಸೀಳಿದ ಅಲಗಿನ ಸ್ಪ್ಲಿಟ್ ಫಿನ್ ಮಂಡಿಗೆ ಹಗುರ, ನೇರ ಈಜುವವರಿಗೆ ಹಿತ, ಆದರೆ ಹಿಂದಕ್ಕೆ ಬರಲು ಅದರಿಂದ ನನಗಾಗಲಿಲ್ಲ. ಬರಿಗಾಲಿಗೆ ಹಾಕುವ ಫಿನ್ ಬೆಚ್ಚನೆಯ ನೀರಿಗೆ, ದೋಣಿಯಿಂದಲೇ ಇಳಿಯುವವರಿಗೆ ಸಾಕು. ಕಲ್ಲಿನ ದಡದಲ್ಲಿ ನಡೆದು ಇಳಿಯುವವರಿಗೆ ಬೂಟು ಬೇಕೇ ಬೇಕು.

ಮಾಸ್ಕ್ ಮುಖಕ್ಕೆ ಕೂರಬೇಕು, ಅಷ್ಟೇ. ಪಟ್ಟಿ ಹಾಕದೆ ಮುಖಕ್ಕೊತ್ತಿ ಮೂಗಿನಿಂದ ಉಸಿರೆಳೆದಾಗ ಅಂಟಿಕೊಂಡು ನಿಲ್ಲುವುದೇ ನಿಮ್ಮದು, ಬೆಲೆ ನೋಡಬೇಡಿ. ಹೊಸ ಗಾಜಿನ ಒಳಮೈಯಲ್ಲಿ ತಯಾರಿಕೆಯ ಪದರ ಉಳಿದಿರುತ್ತದೆ. ಬಿಳಿ ಟೂತ್‌ಪೇಸ್ಟ್ ಹಚ್ಚಿ ಚೆನ್ನಾಗಿ ಉಜ್ಜದಿದ್ದರೆ ಮಂಜು ಕವಿಯುತ್ತಲೇ ಇರುತ್ತದೆ. ವಿಶೇಷ ಲೇಪವಿರುವ ಗಾಜಾದರೆ ಮಾತ್ರ ಉಜ್ಜಬೇಡಿ.

ಆಳ, ಸಮಯ ನೋಡಿಕೊಂಡು ಎಷ್ಟು ಹೊತ್ತು ಕೆಳಗಿರಬಹುದೆಂದು ತೋರಿಸುವ ಡೈವ್ ಕಂಪ್ಯೂಟರಿನಲ್ಲಿ ಶಿಯರ್‌ವಾಟರ್ ಕಂಪನಿಯ ಪೆರೆಗ್ರಿನ್ ಕೈಗೆ ಕಟ್ಟಿ ನೋಡಿದ್ದೇನೆ. ಬಣ್ಣದ ಪರದೆ, ದೊಡ್ಡ ಅಕ್ಷರ, ದೇಹಕ್ಕೆ ಸೇರುವ ಸಾರಜನಕದ ಬೂಲ್‌ಮನ್ ಲೆಕ್ಕಾಚಾರಕ್ಕೆ ಗ್ರೇಡಿಯಂಟ್ ಫ್ಯಾಕ್ಟರ್ (ಎಷ್ಟು ಎಚ್ಚರಿಕೆ ಬೇಕೆಂಬ ಮಿತಿ) ನಾವೇ ಹೊಂದಿಸುವ ಅನುಕೂಲ, ಎಲ್ಲವೂ ಸೊಗಸು. ಆದರೂ ನನ್ನ ಬಜೆಟ್ಟನ್ನು ರೆಗ್ಯುಲೇಟರಿಗೆಂದೇ ಉಳಿಸಿಕೊಂಡಿದ್ದರಿಂದ ಬ್ಯಾಟರಿ ನಾವೇ ಬದಲಿಸಬಹುದಾದ ಕಪ್ಪುಬಿಳುಪಿನ ಸಾದಾ ಕಂಪ್ಯೂಟರ್ ಕೊಂಡೆ. ಒಂದೇ ಸಿಲಿಂಡರಿನ ನನ್ನ ಡೈವಿಗೆ ಅದು ಏನೂ ಕಡಿಮೆ ಮಾಡಿಲ್ಲ.

ಎಲ್ಲವನ್ನೂ ಒಟ್ಟಿಗೆ ಕೊಳ್ಳಲು ನನ್ನಿಂದ ಆಗುತ್ತಿರಲಿಲ್ಲ. ಮೊದಲು ಮಾಸ್ಕ್, ಬೂಟು, ಫಿನ್; ಆಮೇಲೆ ಕಂಪ್ಯೂಟರ್; ನಂತರ ಬ್ಯಾಕ್‌ಪ್ಲೇಟ್ ಮತ್ತು ವಿಂಗ್; ಕೊನೆಗೆ ರೆಗ್ಯುಲೇಟರ್. ಬ್ಯಾಕ್‌ಪ್ಲೇಟಿನಲ್ಲಿ ಹಾಳಾಗುವಂಥದ್ದು ಏನೂ ಇಲ್ಲ, ಪಟ್ಟಿ ಸವೆದರೆ ಪಟ್ಟಿ, ವಿಂಗ್ ತೂತಾದರೆ ವಿಂಗ್ ಎಂದು ಬಿಡಿಬಿಡಿಯಾಗಿ ಬದಲಿಸಬಹುದು. ಹಾಗಾಗಿ ಬಳಸಿದ ಸ್ಟೀಲ್ ಹಲಗೆ ಸಿಕ್ಕರೆ ಕಣ್ಣುಮುಚ್ಚಿ ತೆಗೆದುಕೊಳ್ಳಿ. ವಿಮಾನದಲ್ಲಿ ಹೆಚ್ಚು ಓಡಾಡುವವರು ಮಾತ್ರ ಒಂದು ಕಿಲೋ ಆಸುಪಾಸಿನ ಅಲ್ಯೂಮಿನಿಯಂ ಹಲಗೆ ನೋಡಲಿ. ವರ್ಷಕ್ಕೊಮ್ಮೆ ರಜೆಯಲ್ಲಿ ಗೈಡ್ ಜೊತೆ ಇಳಿಯುವವರಿಗೆ ಬಾಡಿಗೆ ಜಾಕೆಟ್ಟೇ ಸಾಕು. ಅವರು ಸ್ವಂತಕ್ಕೆ ಮಾಸ್ಕ್ ಮತ್ತು ಕಂಪ್ಯೂಟರ್ ಇಟ್ಟುಕೊಂಡು, ಉಳಿದ ದುಡ್ಡನ್ನು ಇನ್ನೆರಡು ಡೈವಿಗೆ ಹಾಕಿಕೊಳ್ಳಲಿ.