ಪಿಎಸ್ ಕಮಾಂಡ್: ತಾರೀಖು ಕೇಳಿದರೆ ವರ್ಷ ಹೇಳುತ್ತದೆ

ಕಲಬುರಗಿಯ ಒಂದು ತೊಗರಿ ಬೇಳೆ ಮಿಲ್ಲಿನ ಕಂಪ್ಯೂಟರ್ ನೋಡಿಕೊಳ್ಳುವುದು ನನ್ನ ಕೆಲಸ. ಲಿನಕ್ಸ್ ಹಾಕಿದ ಹಳೇ ಡೆಸ್ಕ್‌ಟಾಪ್, ಮೇಲೆ ಯಾವಾಗಲೂ ಒಂದು ಪದರ ಹೊಟ್ಟಿನ ದೂಳು. ಗಾಡಿ ತೂಕ ಆದ ಕೂಡಲೇ ರೈತರಿಗೆ ಎಸ್‌ಎಮ್‌ಎಸ್ ಕಳಿಸುವ ಪ್ರೋಗ್ರಾಂ ಅದರಲ್ಲಿ ಹಗಲೂ ರಾತ್ರಿ ಓಡುತ್ತದೆ. 2025ರ ಜನವರಿ 9ರ ಬೆಳಿಗ್ಗೆ ಸಾಹುಕಾರರ ಫೋನ್: "ಒಂದ್ ಗಾಡಿಗಿ ಎರಡೆರಡು ಮೆಸೇಜ್ ಹೊಂಟಾವ. ಯಾವತ್ತಿಂದ ಅಂತ ನೋಡ್ರಿ." ಒಂದೊಂದು ಮೆಸೇಜಿಗೂ ದುಡ್ಡು ಹೋಗುತ್ತದೆ, ಅಲ್ವಾ?

ಹೋಗಿ ಪಿಎಸ್ -ಇಎಫ್ ಹೊಡೆದೆ. ಲಿನಕ್ಸ್‌ನಲ್ಲಿ ಈಗ ಏನೇನು ಓಡುತ್ತಿದೆ ಅಂತ ತೋರಿಸುವ ಕಮಾಂಡ್ ಇದು. ಅದೇ ಪ್ರೋಗ್ರಾಂ ಎರಡು ಸಲ ಓಡುತ್ತಿತ್ತು. ಯಾವಾಗಿನಿಂದ ಅಂತ ಎಸ್‌ಟೈಮ್ ಕಾಲಮ್ ನೋಡಿದರೆ ಎರಡಕ್ಕೂ ಬರೀ '2024'. ಅಷ್ಟೇ! ಪ್ರೋಸೆಸ್, ಅಂದರೆ ಓಡುತ್ತಿರುವ ಪ್ರೋಗ್ರಾಂ, ಇವತ್ತೇ ಶುರುವಾಗಿದ್ದರೆ ಗಂಟೆ-ನಿಮಿಷ ತೋರಿಸುತ್ತದೆ. ಈ ವರ್ಷದ್ದಾದರೆ ತಿಂಗಳು-ತಾರೀಖು. ಹೋದ ವರ್ಷದ್ದಾದರೆ ವರ್ಷ ಮಾತ್ರ. ಜನವರಿಯಲ್ಲಿ ಇದರಿಂದ ಏನು ಉಪಯೋಗ? ಒಂದು ಸ್ಟಾರ್ ಇಲ್ಲೇ ಕಟ್.

ಆಮೇಲೆ ನಾನೇ ಒಂದು ಎಡವಟ್ಟು ಮಾಡಿಕೊಂಡೆ. ಲಿನಕ್ಸ್‌ನ ಪ್ರಾಕ್ ಅನ್ನೋ ಫೋಲ್ಡರಿನ ಒಳಗೆ ಒಂದೊಂದು ಪ್ರೋಸೆಸ್ಸಿಗೂ ಅದರ ನಂಬರಿನ ಫೋಲ್ಡರ್ ಇರುತ್ತದೆ, ಅದರ ತಾರೀಖು ನೋಡಿದೆ. ಇವತ್ತು ಬೆಳಿಗ್ಗೆ 10:20 ಅಂತಿತ್ತು. '2024' ನೋಡಿದ್ದು ಅಷ್ಟರಲ್ಲೇ ಮರೆತು, ಕಾಟಾ ಹುಡುಗನಿಗೆ "ಈಗೇನ್ ಒತ್ತಿದ್ಯೋ?" ಅಂತ ಬೈಯಲು ಬಾಯಿ ತೆರೆದಿದ್ದೆ. ಆ ಫೋಲ್ಡರುಗಳು ಡಿಸ್ಕಿನಲ್ಲೇ ಇಲ್ಲ. ಯಾರಾದರೂ ನೋಡಲು ಹೋದಾಗ ಲಿನಕ್ಸ್‌ನ ತಿರುಳಾದ ಕರ್ನಲ್ ಆಗಿಂದಾಗ ಮಾಡಿಕೊಡುತ್ತದೆ. 10:20ಕ್ಕೆ ನೋಡಲು ಹೋದವನು ನಾನೇ.

ಕೇಳಬೇಕಾದ ರೀತಿ ಇದು: ಪಿಎಸ್ -ಓ ಎಲ್‌ಸ್ಟಾರ್ಟ್ -ಪಿ, ಮುಂದೆ ಪ್ರೋಸೆಸ್ ನಂಬರ್. ವಾರ, ತಾರೀಖು, ಸೆಕೆಂಡು, ವರ್ಷ ಎಲ್ಲ ಬರುತ್ತದೆ. ಮೊದಲನೆಯದು 2024ರ ಡಿಸೆಂಬರ್ 30, ಸೋಮವಾರ, 20:58:41. ಎರಡನೆಯದು ಅದೇ ರಾತ್ರಿ 21:14:07. ಎಲ್‌ಸ್ಟಾರ್ಟ್ ಜಾಗದಲ್ಲಿ ಈಟೈಮ್ ಹಾಕಿದರೆ ಶುರುವಾಗಿ ಎಷ್ಟು ಹೊತ್ತಾಯಿತು ಅಂತ ಹೇಳುತ್ತದೆ. ಎರಡನೆಯದಕ್ಕೆ 9-13:16:20, ಅಂದರೆ ಒಂಬತ್ತು ದಿನ, ಹದಿಮೂರು ಗಂಟೆ ಚಿಲ್ಲರೆ. ಸ್ಕ್ರಿಪ್ಟ್ ಬರೆಯುವವರಿಗೆ ಈಟೈಮ್ಸ್ ಒಳ್ಳೆಯದು, ಬರೀ ಸೆಕೆಂಡ್ ಕೊಡುತ್ತದೆ: 825380. ಮ್ಯಾಕ್‌ನಲ್ಲಿ ಎಲ್‌ಸ್ಟಾರ್ಟ್ ಇದೆ, ಈಟೈಮ್ಸ್ ಇಲ್ಲ. ಇದೆಲ್ಲ ಸುಮ್ನೆ ಅಂದಾಜಲ್ಲ. ಕಂಪ್ಯೂಟರ್ ಬೂಟ್ ಆದ ಎಷ್ಟು ಟಿಕ್ (ಕರ್ನಲ್ ಕಾಲ ಎಣಿಸುವ ಚೂರು) ನಂತರ ಪ್ರೋಸೆಸ್ ಹುಟ್ಟಿತು ಅಂತ ಕರ್ನಲ್ ಅದೇ ಪ್ರಾಕ್ ಫೋಲ್ಡರಿನ ಸ್ಟ್ಯಾಟ್ ಫೈಲಿನ 22ನೇ ಅಂಕಣದಲ್ಲಿ ಇಟ್ಟಿರುತ್ತದೆ. ಸಾಮಾನ್ಯವಾಗಿ ಸೆಕೆಂಡಿಗೆ 100 ಟಿಕ್.

ಡಿಸೆಂಬರ್ 30 ಅಂದರೆ ಎಳ್ಳ ಅಮಾವಾಸ್ಯೆ. ಹೊಲದಲ್ಲಿ ಚರಗ ಚೆಲ್ಲಿ, ಭಜ್ಜಿ, ಸಜ್ಜೆ ಕಡುಬು ಹೊಟ್ಟೆ ತುಂಬ ಉಂಡು ಬಂದು ಅಡ್ಡಾಗಿದ್ದೆ. ಮಿಲ್ಲಿನಲ್ಲಿ ಕರೆಂಟ್ ಹೋಗಿ ಬಂದಿದೆ ಅಂತ ಫೋನ್ ಬಂತು. ಅಷ್ಟರಲ್ಲಿ ಕಂಪ್ಯೂಟರ್ ತಾನೇ ಎದ್ದು ಪ್ರೋಗ್ರಾಂ ಶುರು ಮಾಡಿತ್ತು. ಅದನ್ನು ನೋಡದೆ, ನಿದ್ದೆಗಣ್ಣಲ್ಲಿ ಮನೆಯಿಂದಲೇ ಲಾಗಿನ್ ಆಗಿ ಇನ್ನೊಮ್ಮೆ ಶುರು ಮಾಡಿದವನು ಯಾರು ಅಂತ ಬೇರೆ ಹೇಳಬೇಕಾ?

ಪಿಎಸ್‌ಗೆ ಐದಕ್ಕೆ ನಾಲ್ಕು. ಎರಡನೆಯದನ್ನು ಕಿಲ್ ಮಾಡಿದೆ. ಅಮಾವಾಸ್ಯೆ ರಾತ್ರಿ 9:14ರ ನಂತರ ಹೋದ ಮೆಸೇಜುಗಳಲ್ಲಿ ಅರ್ಧದ ದುಡ್ಡನ್ನು ಈ ತಿಂಗಳ ನನ್ನ ಬಿಲ್ಲಿನಲ್ಲಿ ಕಳೆದು ಕಳಿಸಿದೆ. ಸಾಹುಕಾರರು ಯಾಕೆ ಅಂತ ಕೇಳಲಿಲ್ಲ.