ಲಿಯೋ ಡಿಕ್ಷನರಿ: ಇಂಗ್ಲಿಷ್‌ನಿಂದ ಜರ್ಮನ್‌ಗೆ ಹೋಗೋರಿಗೆ, ತುಂಬಾ ವರ್ಷ ಬಳಸಿದ್ಮೇಲೆ ಬರೀತಿರೋ ರಿವ್ಯೂ

ಜರ್ಮನ್ ಕಲೀತಿರೋ ನಮ್ಮ ಕನ್ನಡದವರು ಯಾವ ಡಿಕ್ಷನರಿ ಹಾಕ್ಕೊಳ್ಳೋದು ಅಂತ ಕೇಳಿದಾಗೆಲ್ಲ ನಾನು ಲಿಯೋ ಅಂತೀನಿ. ಮ್ಯೂನಿಕ್‌ಗೆ ಬಂದ ಹೊಸದ್ರಲ್ಲಿ ಫೋನಿಗೆ ಹಾಕ್ಕೊಂಡಿದ್ದು, ಇವತ್ತಿಗೂ ದಿನಾ ಬಳಸ್ತೀನಿ. ಇದು ಹುಟ್ಟಿದ್ದೂ ಇದೇ ಊರಲ್ಲಿ, ಟೆಕ್ನಿಕಲ್ ಯೂನಿವರ್ಸಿಟಿಯಲ್ಲಿ, 1990ರ ದಶಕದಲ್ಲಿ. ಜಾಹೀರಾತು ಬರುತ್ತೆ ಅನ್ನೋದು ಬಿಟ್ರೆ ಫ್ರೀ. ಕನ್ನಡ ಜರ್ಮನ್ ಜೋಡಿ ಇದ್ರಲ್ಲಿ ಇಲ್ಲ, ಹಾಗಾಗಿ ನಾವು ಇಂಗ್ಲಿಷ್ ಪದ ಹಾಕಿ ಜರ್ಮನ್ ತೆಗೀಬೇಕು, ತೊಂದ್ರೆ ಶುರು ಆಗೋದೇ ಅಲ್ಲಿ.

ಯಾಕಂದ್ರೆ ಇಂಗ್ಲಿಷ್‌ನಲ್ಲಿ ವಿಭಕ್ತಿ ಹೆಚ್ಚುಕಮ್ಮಿ ಸತ್ತೇ ಹೋಗಿದೆ. ಹೆಲ್ಪ್ ಹಿಮ್, ಆಸ್ಕ್ ಹಿಮ್, ಎರಡಕ್ಕೂ ಅದೇ ಹಿಮ್. ಜರ್ಮನ್‌ನಲ್ಲಿ ಹೆಲ್ಫೆನ್‌ಗೆ ಈಮ್ ಬರುತ್ತೆ, ಫ್ರಾಗೆನ್‌ಗೆ ಈನ್ ಬರುತ್ತೆ. ಈಗ ಕನ್ನಡದಲ್ಲಿ ಹೇಳಿ ನೋಡಿ: ಅವನಿಗೆ ಸಹಾಯ ಮಾಡು, ಅವನನ್ನ ಕೇಳು. ಕ್ಲಾಸಲ್ಲಿ ಪಕ್ಕದಲ್ಲಿ ಕೂತ ಇಂಗ್ಲಿಷ್ ಮಾತಾಡೋರು ಡೇಟಿವ್, ಅಂದ್ರೆ ಚತುರ್ಥಿ ವಿಭಕ್ತಿ ಬೇಕಾದ ಕ್ರಿಯಾಪದಗಳ ಲಿಸ್ಟ್ ಬಾಯಿಪಾಠ ಮಾಡ್ತಾ ಇರ್ತಾರೆ, ಅವನಿಗೆ ಅನ್ನೋದ್ರಲ್ಲಿರೋ ಅದೇ ಚತುರ್ಥಿನ ನಾವು ಮಾತು ಕಲಿತಾಗಿಂದ ಆಡ್ತಾ ಬಂದಿದ್ದೀವಿ!

ಲಿಯೋ ನಂಗೆ ಇಷ್ಟ ಆಗೋದು ಇದಕ್ಕೇನೇ, ಬರೀ ಅರ್ಥ ಕೊಟ್ಟು ಸುಮ್ನಾಗಲ್ಲ, ಕ್ರಿಯಾಪದದ ಪಕ್ಕದಲ್ಲಿ ಯೆಮಾಂಡೆಮ್ ಅಥವಾ ಯೆಮಾಂಡೆನ್ ಅಂತ ಶಾರ್ಟಾಗಿ ಬರೆದಿರುತ್ತೆ, ಕೊನೇ ಅಕ್ಷರ ಎಮ್ ಇದ್ರೆ ಯಾರಿಗೋ, ಎನ್ ಇದ್ರೆ ಯಾರನ್ನೋ. ಹೊಸಬರು ತುಂಬಾ ಜನ ಆ ಪುಟ್ಟ ಅಕ್ಷರಗಳನ್ನ ದಾಟ್ಕೊಂಡು ಪದ ಮಾತ್ರ ಓದ್ತಾರೆ, ದಯವಿಟ್ಟು ಹಾಗೆ ಮಾಡ್ಬೇಡಿ, ಆ ಎಂಟ್ರಿಲಿ ಇರೋ ಅರ್ಧ ಬೆಲೆ ಅಲ್ಲೇ ಇದೆ. ಎಲ್ಲ ಕಡೆ ಕನ್ನಡ ಕೈ ಹಿಡಿಯುತ್ತೆ ಅಂತಲ್ಲ, ನಾವು ಅವನನ್ನ ನಂಬು ಅಂತೀವಿ, ಜರ್ಮನ್ನರ ಗ್ಲೌಬೆನ್‌ಗೆ ಮಾತ್ರ ಚತುರ್ಥಿನೇ ಬೇಕು, ಹಿಂಬಾಲಿಸು ಅನ್ನೋ ಫೋಲ್ಗೆನ್ ಕೂಡ ಹಾಗೇ. ಅದಕ್ಕೇ ಡಿಕ್ಷನರಿ ನೋಡ್ಲೇಬೇಕು.

ಇನ್ನು ನುಡಿಗಟ್ಟು. ಇಂಗ್ಲಿಷ್‌ನೋರು ಶುಭವಾಗ್ಲಿ ಅಂತ ಬೆರಳು ಕ್ರಾಸ್ ಮಾಡ್ತಾರೆ, ಜರ್ಮನ್ನರು ಹೆಬ್ಬೆರಳು ಒತ್ತುತ್ತಾರೆ: ಇಷ್ ಡ್ರ್ಯೂಕೆ ಡೀರ್ ಡೀ ಡೌಮೆನ್. ಇಲ್ಲಿ ಡೀರ್ ಅಂದ್ರೆ ನಿಂಗೆ. ಐ ಡೋಂಟ್ ಕೇರ್ ಅನ್ನೋದಕ್ಕೆ ದಾಸ್ ಇಸ್ಟ್ ಮೀರ್ ವುರ್ಸ್ಟ್, ಬವೇರಿಯಾದಲ್ಲಾದ್ರೆ ವುರ್ಷ್ಟ್, ಅಕ್ಷರಶಃ ಅದು ನಂಗೆ ಸಾಸೇಜ್, ಮೀರ್ ಅನ್ನೋದನ್ನ ನೋಡಿ, ನಮ್ಮ ನಂಗೇನಂತೆ ಅನ್ನೋದ್ರಲ್ಲಿರೋ ನಂಗೆ ಅದೇ. ಚಳಿ ಆದ್ರೂ ಐ ಆಮ್ ಕೋಲ್ಡ್ ಥರ ಹೇಳೋ ಹಾಗಿಲ್ಲ, ಮೀರ್ ಇಸ್ಟ್ ಕಾಲ್ಟ್, ನಂಗೆ ಚಳಿ. ಸೆಕೆ ಅಂದ್ರೆ ಮೀರ್ ಇಸ್ಟ್ ಹೈಸ್. ಇದನ್ನ ಇಂಗ್ಲಿಷ್ ದಾರೀಲಿ ಇಷ್ ಬಿನ್ ಹೈಸ್ ಅಂದ್ರೆ ಕಾಮದ ಅರ್ಥ ಬರುತ್ತೆ, ಹುಷಾರು. ಗೆಫಾಲೆನ್ ಕೂಡ ಹೀಗೇ, ಎಸ್ ಗೆಫೆಲ್ಟ್ ಮೀರ್ ಅಂದ್ರೆ ನಂಗೆ ಇಷ್ಟ ಆಗುತ್ತೆ. ಐ ಲೈಕ್ ಇಟ್‌ನಲ್ಲಿ ಇರೋ ಐ ಹಿಡ್ಕೊಂಡು ಹೊರಟ್ರೆ ಈ ವಾಕ್ಯ ಕಟ್ಟೋಕೇ ಬರಲ್ಲ, ಕನ್ನಡದಿಂದ ಹೊರಟ್ರೆ ತಾನಾಗೇ ಬರುತ್ತೆ.

ಹತ್ತಿರ ಇದ್ದ ಹಾಗೆ ಕಂಡು ಕೈಕೊಡೋ ನುಡಿಗಟ್ಟುಗಳೂ ಇವೆ. ಇಂಗ್ಲಿಷ್‌ನಲ್ಲಿ ತಲೆಬುಡ ತಿಳೀಲಿಲ್ಲ ಅಂದ್ರೆ ಅದು ಗ್ರೀಕ್, ಜರ್ಮನ್‌ನಲ್ಲಿ ಸ್ಪಾನಿಷ್ ಅಂದ್ರೆ ತಿಳೀಲಿಲ್ಲ ಅಂತಲ್ಲ, ಇದ್ರಲ್ಲಿ ಏನೋ ಇದೆ, ನಂಗ್ಯಾಕೋ ಡೌಟು ಅಂತ. ತಿಳೀಲಿಲ್ಲ ಅನ್ನೋಕೆ ನಂಗೆ ಬರೀ ಬಾನ್‌ಹೋಫ್ ಅಂದ್ರೆ ರೈಲ್ವೆ ಸ್ಟೇಷನ್ ಅರ್ಥ ಆಯ್ತು ಅಂತಾರೆ. ನಾಟ್ ಮೈ ಕಪ್ ಆಫ್ ಟೀ ಅಂದ್ರೆ ನಂಗೆ ರುಚಿಸಲ್ಲ, ಆದ್ರೆ ನಿಷ್ಟ್ ಮೈನ್ ಬಿಯರ್ ಅಂದ್ರೆ ಅದು ನಂಗೆ ಸಂಬಂಧ ಇಲ್ಲದ ವಿಷ್ಯ. ಇಂಥಾ ಜಾಗದಲ್ಲಿ ಲಿಯೋದಲ್ಲಿ ಪದಗಳ ಕೆಳಗೆ ಬರೋ ಹಳೇ ಚರ್ಚೆಗಳನ್ನ ಓದಿ, ಬ್ರಿಟಿಷ್, ಅಮೆರಿಕನ್, ಆಸ್ಟ್ರಿಯನ್ ಜನ ಎಲ್ಲ ಸೇರಿ ಈ ಮಾತನ್ನ ಯಾರು ಯಾರ ಹತ್ರ ಆಡ್ತಾರೆ, ಬಾಸ್ ಮುಂದೆ ಆಡಬಹುದಾ ಅಂತ ತುಂಬಾ ತಾಳ್ಮೆಯಿಂದ ಬಿಡಿಸಿ ಹೇಳಿರ್ತಾರೆ. ಅಷ್ಟು ಒಳ್ಳೇ ಮೇಷ್ಟ್ರು ಫ್ರೀಯಾಗಿ ಇನ್ನೆಲ್ಲಿ ಸಿಗ್ತಾರೆ!

ಚಿಕ್ಕ ಪದಗಳಿಗೆ ಸ್ವಲ್ಪ ಟೈಮ್ ಕೊಡಿ. ಪುಟ್ ಅಂತ ಹಾಕಿದ್ರೆ ಶ್ಟೆಲೆನ್, ಲೇಗೆನ್, ಶ್ಟೆಕೆನ್ ಹೀಗೆ ಸಾಲಾಗಿ ಬರುತ್ತೆ, ಬಾಟಲಿ ನಿಲ್ಲಿಸಿ ಇಡೋದಾ ಮಲಗಿಸಿ ಇಡೋದಾ ಅನ್ನೋದರ ಮೇಲೆ ಆರಿಸ್ಬೇಕು. ತಟ್ಟೆ ಮಾತ್ರ ಇವರ ಲೆಕ್ಕದಲ್ಲಿ ಟೇಬಲ್ ಮೇಲೆ ನಿಂತಿರುತ್ತೆ, ಚಮಚ ಮಲಗಿರುತ್ತೆ. ಇಂಗ್ಲಿಷ್‌ನ ನೋ (know, ಗೊತ್ತಿರೋದು) ಅನ್ನೋ ಪದಕ್ಕೆ, ವಿಷ್ಯ ಗೊತ್ತಿದ್ರೆ ವಿಸ್ಸೆನ್, ಮನುಷ್ಯರು ಪರಿಚಯ ಇದ್ರೆ ಕೆನೆನ್, ಭಾಷೆ ಬರುತ್ತೆ ಅನ್ನೋಕೆ ಕ್ಯೋನೆನ್.

ಜೊತೆಗೆ ಡಿಕ್ಟ್ ಸಿಸಿ ಕೂಡ ಇಟ್ಕೊಳ್ಳಿ. ಆಸ್ಟ್ರಿಯಾದ ಪೌಲ್ ಹೆಮೆಟ್ಸ್‌ಬೆರ್ಗರ್ 2002ರಲ್ಲಿ ಶುರು ಮಾಡಿದ್ದು, ಬಳಸೋರೇ ಪದ ಸೇರಿಸ್ತಾರೆ, ಬೇರೆಯವರು ನೋಡಿ ವೋಟ್ ಹಾಕಿ ಒಪ್ತಾರೆ. ಆಡುಮಾತು ಅದ್ರಲ್ಲಿ ಚೆನ್ನಾಗಿ ಸಿಗುತ್ತೆ, ಆಪ್ ಆಫ್‌ಲೈನ್ ಕೂಡ ನಡೆಯುತ್ತೆ, ಲಿಯೋಗೆ ನೆಟ್ ಬೇಕು. ಇಡೀ ವಾಕ್ಯ ಅನುವಾದ ಮಾಡೋ ಡೀಪ್‌ಎಲ್ ನಾನೂ ಬಳಸ್ತೀನಿ, ಬಾಡಿಗೆ ಪತ್ರ, ಆಫೀಸ್ ಮೇಲ್ ಓದೋಕೆ ಅದು ಚೆನ್ನಾಗಿದೆ, ಆದ್ರೆ ವಾಕ್ಯ ರೆಡಿ ಮಾಡಿ ಕೈಗೆ ಕೊಡುತ್ತೆ, ಮೀರ್ ಯಾಕೆ ಬಂತು ಅಂತ ಹೇಳಲ್ಲ. ನರ್ಸಿಂಗ್‌ಗೆ ಬರೋ ನಮ್ಮ ಮಕ್ಕಳು ಜರ್ಮನ್ ಭಾಷೆಯ ಬಿ2 ಲೆವೆಲ್ ಮುಗಿಸಿ ವಾರ್ಡಲ್ಲಿ ಪೇಷೆಂಟ್ ಜೊತೆ ತಾವೇ ಮಾತಾಡ್ಬೇಕು, ಅವರಿಗಂತೂ ಕಾರಣ ಗೊತ್ತಿರ್ಲೇಬೇಕು.

ನನ್ನ ರೇಟಿಂಗ್ 5ಕ್ಕೆ 4.5. ಅರ್ಧ ಕಳೆದಿದ್ದು ಆಫ್‌ಲೈನ್ ಇಲ್ಲ ಅಂತ. ಹಾಕ್ಕೊಂಡ ಮೇಲೆ ಪದ ಸೇವ್ ಮಾಡೋ ಟ್ರೇನರ್ ಆನ್ ಮಾಡಿ, ಕ್ರಿಯಾಪದ ಸೇವ್ ಮಾಡುವಾಗ ಪಕ್ಕದ ಯೆಮಾಂಡೆಮ್ ಸೇರಿಸೇ ಸೇವ್ ಮಾಡಿ, ಅದರ ಎದುರಿಗೆ ಇಂಗ್ಲಿಷ್ ಬದಲು ಅವನಿಗೆ ಅಂತ ಕನ್ನಡದಲ್ಲೇ ನೋಟ್ಸ್ ಬರ್ಕೊಳ್ಳಿ.